ಹೊಸ ಸ್ಕೂಟರಿನ ಎಂಜಿನ್ ಪಳಗಿಸುವಾಗ ನಲವತ್ತರ ಗೆರೆಯೂ ಬೇಡ, ನಾಗಾಲೋಟವೂ ಬೇಡ

ಪ್ರಶ್ನೆ: ಮೂರು ವಾರಗಳ ಹಿಂದೆ 125 ಸಿಸಿಯ ಹೊಸ ಸ್ಕೂಟರ್ ಕೊಂಡೆ. ಇದುವರೆಗೆ 220 ಕಿಲೋಮೀಟರ್ ಓಡಿದೆ. ಸಾವಿರ ಕಿಲೋಮೀಟರ್ ಆಗುವ ತನಕ ನಲವತ್ತರ ವೇಗ ದಾಟಿಸಲೇಬೇಡಿ ಎಂದು ಮಾರಿದವರು ಹೇಳಿದ್ದಾರೆ. ಬೈಕ್ ಹುಚ್ಚಿನ ಗೆಳೆಯನೊಬ್ಬ ಮೊದಲ ದಿನದಿಂದಲೇ ಕಿವಿ ಹಿಂಡಿ ಓಡಿಸಬೇಕು, ಇಲ್ಲದಿದ್ದರೆ ಜೀವನವಿಡೀ ಮಂದವಾಗಿಯೇ ಉಳಿಯುತ್ತದೆ ಎನ್ನುತ್ತಾನೆ. ನನ್ನ ದಿನದ ಓಡಾಟ ಹೋಗಲು ಆರು, ಬರಲು ಆರು ಕಿಲೋಮೀಟರ್. ವಾಹನ ದಟ್ಟಣೆಯ ದಾರಿ. ಈ ನಡುವೆ ಒಂದು ತಪ್ಪೂ ಆಗಿದೆ. ಇನ್ನೂ ನೂರು ಕಿಲೋಮೀಟರ್ ಆಗದಿದ್ದಾಗ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ಅರ್ಧ ಗಂಟೆ ಎಪ್ಪತ್ತೈದರಲ್ಲಿ ಓಡಿಸಿಬಿಟ್ಟೆ. ಆಮೇಲೆ ಹೊಗೆಯಾಗಲಿ ವಿಚಿತ್ರ ಸದ್ದಾಗಲಿ ಕಾಣಿಸಿಲ್ಲ. ಆದರೆ ನಿಲ್ಲಿಸಿದ ಮೇಲೆ ಟಿಕ್ ಟಿಕ್ ಎನ್ನುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಎಂಜಿನ್ ಕೆಟ್ಟಿದೆಯೇ? ರಜಾದಿನಗಳಲ್ಲಿ ಮನೆಯ ಮುಂದೆ ನಿಲ್ಲಿಸಿ ಒಂದೆರಡು ಗಂಟೆ ಎಂಜಿನ್ ಚಾಲೂ ಇಟ್ಟರೆ ಪಳಗುವ ಕೆಲಸ ಬೇಗ ಮುಗಿಯುತ್ತದೆಯೇ?

ಉತ್ತರ: ನಿಮ್ಮ ನಿದ್ದೆಗೆಡಿಸಿರುವ ಸಂಗತಿಯನ್ನು ಮೊದಲು ಮುಗಿಸಿಬಿಡೋಣ. ಆ ಅರ್ಧ ಗಂಟೆಯಿಂದ ನಿಮ್ಮ ಎಂಜಿನ್ ಕೆಟ್ಟಿಲ್ಲ. ಕೆಟ್ಟಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಓಡುತ್ತಿರುವಾಗಲೇ ಎಳೆತ ಕುಗ್ಗುತ್ತಿತ್ತು, ಒಳಗಿನಿಂದ ಲೋಹ ಬಡಿಯುವ ಸದ್ದು ಬರುತ್ತಿತ್ತು, ಇಲ್ಲವೇ ಪಿಸ್ಟನ್ ಹಿಡಿದುಕೊಂಡು ಗಾಡಿ ನಡುರಸ್ತೆಯಲ್ಲಿ ನಿಂತೇಬಿಡುತ್ತಿತ್ತು. ಅದಾದ ಮೇಲೂ ನೂರಕ್ಕೆ ಮೇಲ್ಪಟ್ಟು ಕಿಲೋಮೀಟರ್ ಸುಸೂತ್ರವಾಗಿ ಓಡಿದೆ ಎಂದರೆ ಭಯಪಡುವ ಕಾರಣವಿಲ್ಲ. ಮತ್ತೆ ಹಾಗೆ ಮಾಡಬೇಡಿ ಎಂದಷ್ಟೇ ಹೇಳುತ್ತೇನೆ. ಏಕೆ ಮಾಡಬಾರದು ಎಂಬುದಕ್ಕೆ ನೀವು ಅಂದುಕೊಂಡಿರುವ ಕಾರಣ ಮಾತ್ರ ಸರಿಯಲ್ಲ. ಎಪ್ಪತ್ತೈದು ಎಂಬ ವೇಗಕ್ಕಿಂತ, ಅರ್ಧ ಗಂಟೆ ಕೈ ಅಲುಗಿಸದೆ ಒಂದೇ ಸಮನೆ ಓಡಿಸಿದ್ದು ಹೆಚ್ಚಿನ ತಪ್ಪು.

ಮಾರಿದವರು ಸುಳ್ಳು ಹೇಳಿಲ್ಲ, ಗೆಳೆಯನೂ ಸುಳ್ಳು ಹೇಳಿಲ್ಲ. ಇಬ್ಬರೂ ಅರ್ಧರ್ಧ ಹೇಳಿದ್ದಾರೆ. ಆ ಎರಡು ಅರ್ಧಗಳನ್ನು ಜೋಡಿಸಬೇಕಾದರೆ ಸಿಲಿಂಡರಿನ, ಎಂದರೆ ಪಿಸ್ಟನ್ ಮೇಲೆ ಕೆಳಗೆ ಆಡುವ ಕೊಳವೆಯ, ಒಳಗೆ ಇಣುಕಬೇಕು.

ಸಿಲಿಂಡರಿನ ಒಳಮೈ ಕನ್ನಡಿಯಂತೆ ನುಣುಪಾಗಿರುತ್ತದೆ ಎಂಬುದು ಹೆಚ್ಚಿನವರ ಕಲ್ಪನೆ. ಹೊಸ ಸಿಲಿಂಡರೊಂದನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿದರೆ ಕಾಣುವುದೇ ಬೇರೆ. ಎರಡು ದಿಕ್ಕಿನಿಂದ ಓರೆಯಾಗಿ ಬಂದು ಒಂದನ್ನೊಂದು ಕತ್ತರಿಸುವ ಅಸಂಖ್ಯ ಸಣ್ಣ ಗೀರುಗಳು, ಬಲೆ ಹೆಣೆದ ಹಾಗೆ. ಅದು ತಯಾರಿಕೆಯ ಲೋಪವಲ್ಲ. ಸಾಣೆಕಲ್ಲುಗಳನ್ನು ತಿರುಗಿಸುತ್ತಲೇ ಮೇಲಕ್ಕೂ ಕೆಳಕ್ಕೂ ಆಡಿಸಿ ಬೇಕೆಂದೇ ಗೀರಿರುತ್ತಾರೆ. ಹೋನಿಂಗ್ ಎಂದು ಅದರ ಹೆಸರು. ಗೀರುಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ತಗ್ಗುಗಳ ನಡುವಿನ ಚೂಪು ದಿಬ್ಬಗಳು ಪಿಸ್ಟನ್ನಿನ ರಿಂಗುಗಳನ್ನು, ಎಂದರೆ ಅದರ ಸುತ್ತ ತೊಡಿಸಿದ ಲೋಹದ ಬಳೆಗಳನ್ನು, ಅರದಂತೆ ಉಜ್ಜುತ್ತವೆ, ಉಜ್ಜುತ್ತ ತಾವೂ ಸವೆಯುತ್ತವೆ. ಹೊಸದಾಗಿ ಉಳಿಯೇಟು ಹಾಕಿಸಿದ ಬೀಸುವ ಕಲ್ಲನ್ನು ಮುಟ್ಟಿ ನೋಡಿದವರಿಗೆ ಈ ಮೈ ಎಂಥದು ಎಂದು ಹೇಳಬೇಕಾಗಿಲ್ಲ. ರಿಂಗಿನ ಅಂಚೂ ಸಿಲಿಂಡರಿನ ಗೋಡೆಯೂ ಹೀಗೆ ಪರಸ್ಪರ ಉಜ್ಜಿಕೊಂಡು, ಒಂದರ ಆಕಾರಕ್ಕೆ ಇನ್ನೊಂದು ಒಗ್ಗಿ, ನಡುವೆ ಆಯಿಲಿನ ತೆಳು ಪೊರೆಯೊಂದನ್ನು ಬಿಟ್ಟು ಬೇರೇನೂ ನುಸುಳದಂತಾಗುವುದನ್ನೇ ನಾವು ರಿಂಗ್ ಕೂತಿತು ಎನ್ನುತ್ತೇವೆ. ಎಂಜಿನ್ ಪಳಗುವುದು ಎಂದರೆ ಮುಕ್ಕಾಲು ಪಾಲು ಇದೇ.

ಇಲ್ಲೊಂದು ಸ್ವಾರಸ್ಯವಿದೆ. ರಿಂಗು ತನ್ನ ಸ್ಪ್ರಿಂಗ್ ಬಲದಿಂದ ಗೋಡೆಯನ್ನು ಒತ್ತುವುದು ಸ್ವಲ್ಪ ಮಾತ್ರ. ನಿಜವಾದ ಒತ್ತಡ ಬರುವುದು ಉರಿಯುವ ಅನಿಲದಿಂದ. ಪೆಟ್ರೋಲ್ ಹೊತ್ತಿಕೊಂಡಾಗ ಏಳುವ ಒತ್ತಡ ರಿಂಗಿನ ಮೇಲ್ಭಾಗದಿಂದ ನುಗ್ಗಿ ಅದರ ಬೆನ್ನ ಹಿಂದೆ ಸೇರಿಕೊಂಡು ಹೊರಕ್ಕೆ ತಳ್ಳುತ್ತದೆ. ಆಕ್ಸಿಲರೇಟರ್ ಹೆಚ್ಚು ತಿರುಗಿಸಿದರೆ ಒಳಗೆ ಹೋಗುವ ಗಾಳಿ ಮತ್ತು ಪೆಟ್ರೋಲ್ ಹೆಚ್ಚು, ಉರಿಯ ಒತ್ತಡ ಹೆಚ್ಚು, ರಿಂಗ್ ಗೋಡೆಗೆ ಒತ್ತುವುದೂ ಹೆಚ್ಚು. ತೀರಾ ಹಗುರವಾಗಿ, ಸದಾ ಒಂದೇ ತೆರನಾಗಿ ಓಡಿಸಿದರೆ ಈ ಒತ್ತಡ ಸಾಲುವುದಿಲ್ಲ. ಆಗ ದಿಬ್ಬಗಳು ಸವೆಯುವ ಬದಲು, ಸರಿಯಾಗಿ ಕೂರದ ರಿಂಗಿನ ಸಂದಿಯಲ್ಲಿ ಉಳಿದ ಆಯಿಲ್ ಬಿಸಿಗೆ ಬೆಂದು ಗೋಡೆಗೆ ಮೆರುಗೆಣ್ಣೆಯಂತೆ ಅಂಟಿಕೊಳ್ಳುತ್ತದೆ. ಗೀರುಗಳು ಮುಚ್ಚಿಹೋಗುತ್ತವೆ. ಅಲ್ಲಿಂದ ಮುಂದೆ ರಿಂಗಿಗೆ ಉಜ್ಜಿಕೊಳ್ಳಲು ಮೈಯೇ ಇರುವುದಿಲ್ಲ.

ನಿಮ್ಮ ಗೆಳೆಯ ಹೇಳುವ ಅರ್ಧ ಸತ್ಯ ಇದು. ಮೂವತ್ತು ವರ್ಷಗಳಿಂದ ಎಂಜಿನ್ ಬಿಚ್ಚುತ್ತಿರುವ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಬಹಳ ಶಿಸ್ತಿನ ಹಿರಿಯರೊಬ್ಬರು ಎರಡೂವರೆ ವರ್ಷದ ಸ್ಕೂಟರ್ ತಂದಿದ್ದರು. ಆರು ಸಾವಿರ ಕಿಲೋಮೀಟರ್ ಕೂಡ ಆಗಿರಲಿಲ್ಲ. ಗೀರು ಬೀಳದ ಬಣ್ಣ, ಹೊಸದರಂತಹ ಸೀಟು. ಆದರೆ ಹಿಂದಿನಿಂದ ನೀಲಿ ಹೊಗೆ. ತಿಂಗಳಿಗೊಮ್ಮೆ ಆಯಿಲ್ ಸುರಿಯಬೇಕು. ‘ಒಂದು ದಿನವೂ ಮೂವತ್ತೈದು ದಾಟಿಸಿಲ್ಲ’ ಎಂದು ಅವರು ಎರಡು ಮೂರು ಸಲ ಹೇಳಿದರು, ದಾಟಿಸದಿದ್ದುದು ತಮ್ಮ ಪರವಾದ ಸಾಕ್ಷಿ ಎಂಬಂತೆ. ಸಿಲಿಂಡರ್ ತೆಗೆದೆ. ಗೋಡೆ ನಸುಗಂದು ಬಣ್ಣಕ್ಕೆ ತಿರುಗಿ ಮಿರಮಿರ ಮಿಂಚುತ್ತಿತ್ತು. ಗೀರುಗಳು ಮೇಲಂಚಿನಲ್ಲಿ ಒಂದಿಷ್ಟು ಬಿಟ್ಟರೆ ಎಲ್ಲೂ ಕಾಣಲಿಲ್ಲ. ಉಗುರಿನಿಂದ ಕೆರೆದರೂ ಬಾರದ ಪದರ. ಸವೆದಿರಲಿಲ್ಲ, ಅಳತೆ ಹೊಸದರಷ್ಟೇ ಇತ್ತು. ಮತ್ತೆ ಸಣ್ಣಗೆ ಹೋನ್ ಮಾಡಿ ಹೊಸ ರಿಂಗ್ ಹಾಕಿ ಕಳಿಸಿದೆ; ಈ ಸಲ ದಿಬ್ಬ ಕಂಡಲ್ಲಿ ಧೈರ್ಯವಾಗಿ ಹತ್ತಿಸಿ ಎಂದೆ. ಹೊಗೆ ಮತ್ತೆ ಬರಲಿಲ್ಲ.

ಹಾಗಾದರೆ ಪೂರ್ತಿ ತಿರುಗಿಸಿ ಓಡಿಸಬಹುದಲ್ಲ? ಇಲ್ಲ. ಇಲ್ಲಿಂದ ಮಾರಿದವರ ಅರ್ಧ ಸತ್ಯ ಶುರುವಾಗುತ್ತದೆ. 125 ಸಿಸಿ ಸ್ಕೂಟರಿನ ಪಿಸ್ಟನ್ ಸುಮಾರು 52 ಮಿಲಿಮೀಟರ್ ಅಗಲದ್ದು, ಅಲ್ಯೂಮಿನಿಯಂ ಮಿಶ್ರಲೋಹದ್ದು. ಅದು 100 ಡಿಗ್ರಿ ಬಿಸಿಯಾದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಸಿಲಿಂಡರಿನ ಒಳಗೋಡೆ ಎರಕದ ಕಬ್ಬಿಣದ್ದಾಗಿದ್ದರೆ ಅಷ್ಟೇ ಬಿಸಿಗೆ ಹಿಗ್ಗುವುದು ಅದರ ಅರ್ಧದಷ್ಟು ಮಾತ್ರ. ತಣ್ಣಗಿರುವಾಗ ಇವೆರಡರ ನಡುವೆ ಇರುವ ಸಂದಿಯೋ, ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ತಲೆಗೂದಲು ಕೂಡ ತೂರುವುದು ಕಷ್ಟ. ಲೆಕ್ಕ ಹಾಕಿ ನೋಡಿ: ಪಿಸ್ಟನ್ ಬೇಗ ಬೇಗ ಕಾದು, ಗೋಡೆ ಇನ್ನೂ ತಣ್ಣಗಿದ್ದರೆ ಜಾಗವೇ ಉಳಿಯುವುದಿಲ್ಲ. ವಿನ್ಯಾಸಕಾರರು ಇದನ್ನು ಎಣಿಸಿಯೇ ಪಿಸ್ಟನ್ನಿನ ತಲೆಯನ್ನು ಬುಡಕ್ಕಿಂತ ಕಿರಿದಾಗಿ ಮಾಡಿರುತ್ತಾರೆ, ನಿಜ. ಆದರೆ ಹೊಸ ಎಂಜಿನ್ನಿನಲ್ಲಿ ದಿಬ್ಬಗಳ ಉಜ್ಜಾಟದಿಂದ ಹುಟ್ಟುವ ಹೆಚ್ಚುವರಿ ಬಿಸಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಒತ್ತಡ ಬೇಕು; ಆದರೆ ಒತ್ತಿದ ಮೇಲೆ ಬಿಸಿ ಇಳಿಯಲು ಬಿಡುವೂ ಬೇಕು. ಹೆದ್ದಾರಿಯ ಆ ಅರ್ಧ ಗಂಟೆಯಲ್ಲಿ ನಿಮ್ಮ ಎಂಜಿನ್ನಿಗೆ ಸಿಗದೆ ಹೋದದ್ದು ಆ ಬಿಡುವು.

ನಲವತ್ತರ ಗೆರೆ ಎಲ್ಲಿಂದ ಬಂತು ಎಂದರೆ, ಬಹುಮಟ್ಟಿಗೆ ಟೂ ಸ್ಟ್ರೋಕ್ ಕಾಲದ ನೆನಪು ಅದು. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುತ್ತಿದ್ದ ಆ ಸ್ಕೂಟರುಗಳಲ್ಲಿ ಬೆರಕೆ ಸ್ವಲ್ಪ ಕಡಿಮೆಯಾದರೆ, ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಜೋರಾಗಿ ಇಳಿದರೆ, ಪಿಸ್ಟನ್ ಹಿಡಿದುಕೊಳ್ಳುವುದು ಅಪರೂಪವಾಗಿರಲಿಲ್ಲ. ಹೊಸ ಗಾಡಿಯ ಹಿಂದೆ ‘ಹೊಸ ಎಂಜಿನ್, ಮುಂದೆ ಹೋಗಿ’ ಎಂಬರ್ಥದ ಚೀಟಿ ಅಂಟಿಸಿಕೊಳ್ಳುತ್ತಿದ್ದ ದಿನಗಳವು. ಇಟಲಿಯವರು ಅದನ್ನು ‘ಇನ್ ರೊದಾಜ್ಜೊ’ ಎಂದು ಬರೆದುಕೊಳ್ಳುತ್ತಿದ್ದರು. ಈಗಿನ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲಿಗೆ ಪ್ರತ್ಯೇಕ ಪಂಪಿದೆ, ಸಿಲಿಂಡರಿನ ಒಳ ಅಳತೆ ಕರಾರುವಾಕ್ಕಾಗಿದೆ. ಗಾಡಿ ಬದಲಾಯಿತು, ಬಾಯಿಂದ ಬಾಯಿಗೆ ಬಂದ ಸಂಖ್ಯೆ ಮಾತ್ರ ಉಳಿಯಿತು.

ತಯಾರಕರು ಏನು ಹೇಳುತ್ತಾರೆ ನೋಡಿ. ಹೋಂಡಾ ಕೈಪಿಡಿಗಳು ಸಾಮಾನ್ಯವಾಗಿ ಮೊದಲ 500 ಕಿಲೋಮೀಟರ್ ತನಕ ನಿಂತಲ್ಲಿಂದ ಪೂರ್ತಿ ತಿರುಗಿಸಿ ಹೊರಡಬೇಡಿ, ಗಕ್ಕನೆ ವೇಗ ಏರಿಸಬೇಡಿ ಎನ್ನುತ್ತವೆ. ವೆಸ್ಪಾ ತಯಾರಿಸುವ ಪಿಯಾಜಿಯೊ ಮೊದಲ 1000 ಕಿಲೋಮೀಟರ್ ಗರಿಷ್ಠ ವೇಗದ ಶೇಕಡಾ 80ನ್ನು ಮೀರಬೇಡಿ ಎನ್ನುವುದರ ಜೊತೆಗೇ, ದೂರದ ತನಕ ಒಂದೇ ವೇಗ ಹಿಡಿದುಕೊಂಡು ಹೋಗಬೇಡಿ ಎಂದೂ ಹೇಳುತ್ತದೆ. ಸುಜುಕಿ ಕೈಪಿಡಿಗಳಂತೂ ಇನ್ನೂ ನೇರ: ಸತತವಾಗಿ ಕಡಿಮೆ ವೇಗದಲ್ಲಿ, ಹಗುರ ಹೊರೆಯಲ್ಲಿ ಓಡಿಸಿದರೆ ಭಾಗಗಳು ಸರಿಯಾಗಿ ಕೂರದೆ ಮೆರುಗು ಹಿಡಿಯಬಹುದು ಎಂದು ಎಚ್ಚರಿಸುತ್ತವೆ. ಪಿಯಾಜಿಯೊ ಹೇಳುವ ಶೇಕಡಾ 80ನ್ನು ನಿಮ್ಮ ಗಾಡಿಗೆ ಅನ್ವಯಿಸಿ ನೋಡಿ. ತೊಂಬತ್ತರ ಆಸುಪಾಸು ಓಡಬಲ್ಲ ಸ್ಕೂಟರಿನಲ್ಲಿ ಅದು ಎಪ್ಪತ್ತರ ಹತ್ತಿರ ಬರುತ್ತದೆ. ನಲವತ್ತಕ್ಕೂ ಇದಕ್ಕೂ ಎಲ್ಲಿಯ ಸಂಬಂಧ? ನಿಮ್ಮ ಗಾಡಿಯ ಕೈಪಿಡಿ ಸೀಟಿನ ಕೆಳಗಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇನ್ನೂ ಮಲಗಿದೆ ಎಂಬುದು ನನ್ನ ಊಹೆ. ತೆಗೆದು ಆ ಒಂದು ಪುಟ ಓದಿ. ಅದರಲ್ಲಿ ಬೇರೆ ಸಂಖ್ಯೆಯಿದ್ದರೆ ಆ ಸಂಖ್ಯೆಯೇ ಸರಿ. ವಾರಂಟಿ ಕೊಡುವವರು ಅವರು, ನಾನಲ್ಲ.

ಇನ್ನು ಸ್ಕೂಟರಿಗೇ ವಿಶಿಷ್ಟವಾದ ವಿಷಯ. ಎಂಜಿನ್ ಪಳಗಿಸುವ ಬಗ್ಗೆ ಕೇಳಿಬರುವ ಹೆಚ್ಚಿನ ಸಲಹೆಗಳು ಗೇರ್ ಇರುವ ಬೈಕಿಗೆ ಹೇಳಿದವು: ‘ಗೇರುಗಳನ್ನು ಬದಲಿಸುತ್ತಿರಿ, ಮೇಲಿನ ಗೇರಿನಲ್ಲಿ ಎಳೆದಾಡಿಸಬೇಡಿ’ ಇತ್ಯಾದಿ. ನಿಮ್ಮ ಗಾಡಿಯಲ್ಲಿ ಗೇರ್ ಇಲ್ಲ; ಎರಡು ಪುಲ್ಲಿಗಳ ನಡುವೆ ಒಂದು ಬೆಲ್ಟ್ ಇದೆ. ಮುಂದಿನ ಪುಲ್ಲಿಯೊಳಗಿನ ರೋಲರುಗಳು ತಿರುಗುವ ರಭಸಕ್ಕೆ ಹೊರಕ್ಕೆ ಸರಿದು ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ತರುತ್ತವೆ, ಬೆಲ್ಟ್ ಮೇಲಕ್ಕೇರುತ್ತದೆ, ಗಾಡಿಯ ವೇಗ ಹೆಚ್ಚುತ್ತದೆ. ಇದರ ಪರಿಣಾಮವನ್ನು ನೀವು ಕಿವಿಯಿಂದಲೇ ಪರೀಕ್ಷಿಸಬಹುದು. ನಿಂತಲ್ಲಿಂದ ಹೊರಟು ಆಕ್ಸಿಲರೇಟರನ್ನು ಅರ್ಧಕ್ಕೆ ತಿರುಗಿಸಿ ಹಿಡಿದುಕೊಳ್ಳಿ. ಎಂಜಿನ್ನಿನ ಸದ್ದು ಒಂದು ಮಟ್ಟಕ್ಕೆ ಏರಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಸ್ಪೀಡೋಮೀಟರಿನ ಮುಳ್ಳು ಮಾತ್ರ ಇಪ್ಪತ್ತು, ಮೂವತ್ತು, ನಲವತ್ತು ಎಂದು ಹತ್ತುತ್ತಲೇ ಇರುತ್ತದೆ. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತದೆ, ಎಷ್ಟು ಹೊರೆ ಹೊತ್ತಿದೆ ಎಂಬುದನ್ನು ನಿರ್ಧರಿಸುವುದು ನಿಮ್ಮ ಬಲಗೈ. ಸ್ಪೀಡೋಮೀಟರಿಗೆ ಅದು ಗೊತ್ತಾಗುವುದಿಲ್ಲ. ಇಬ್ಬರನ್ನು ಹೊತ್ತು ಕಡಿದಾದ ಏರು ಹತ್ತುವಾಗ ಮೂವತ್ತೈದರ ವೇಗಕ್ಕೇ ಆಕ್ಸಿಲರೇಟರ್ ಪೂರ್ತಿ ತಿರುಗಿರಬಹುದು. ಇಳಿಜಾರಿನಲ್ಲಿ ಅರವತ್ತರಲ್ಲಿದ್ದರೂ ಎಂಜಿನ್ ಆರಾಮವಾಗಿರಬಹುದು. ಆದ್ದರಿಂದಲೇ ನಲವತ್ತು ದಾಟಬೇಡಿ ಎಂಬ ಮಾತಿಗೆ ಸ್ಕೂಟರಿನಲ್ಲಿ ಅರ್ಥ ಕಡಿಮೆ. ಕೈಯ ತಿರುವನ್ನು ನೋಡಿಕೊಳ್ಳಿ.

ನನ್ನ ಲೆಕ್ಕ ಹೀಗೆ. ಐನೂರು ಆಗುವ ತನಕ ಸಾಮಾನ್ಯವಾಗಿ ಅರ್ಧ ತಿರುವಿನೊಳಗೆ ಇರಿ. ಆಗಾಗ ಕೆಲವು ಸೆಕೆಂಡುಗಳ ಕಾಲ ಮುಕ್ಕಾಲಿಗೆ ಒಯ್ಯಿರಿ, ಮತ್ತೆ ಪೂರ್ತಿ ಬಿಡಿ. ಮುಂದೆ ರಸ್ತೆ ಖಾಲಿ ಇದೆ ಎನ್ನಿ: ಇಪ್ಪತ್ತೈದರಿಂದ ಐವತ್ತೈದಕ್ಕೆ ನಿಧಾನವಾಗಿ, ಆದರೆ ಅಳುಕದೆ ಏರಿಸಿ, ಅಲ್ಲಿ ಕೈಬಿಟ್ಟು ಬ್ರೇಕ್ ಹಿಡಿಯದೆ ಗಾಡಿ ತಾನಾಗಿ ಮೂವತ್ತಕ್ಕೆ ಇಳಿಯಲಿ, ಮತ್ತೆ ಏರಿಸಿ. ಏರುವಾಗ ಅನಿಲದ ಒತ್ತಡ ರಿಂಗನ್ನು ಗೋಡೆಗೆ ಒತ್ತುತ್ತದೆ. ಕೈಬಿಟ್ಟಾಗ ಸಿಲಿಂಡರಿನೊಳಗೆ ಒತ್ತಡ ತಗ್ಗಿ, ಬಿಸಿ ಇಳಿದು, ಗೋಡೆಗೆ ಆಯಿಲ್ ಸಿಕ್ಕುತ್ತದೆ. ಒತ್ತು, ಬಿಡು, ಒತ್ತು, ಬಿಡು. ಹತ್ತು ಹದಿನೈದು ಸಲ ಹೀಗೆ ಮಾಡಿದರೆ ಒಂದು ಓಡಾಟಕ್ಕೆ ಧಾರಾಳವಾಯಿತು. ಸಣ್ಣಪುಟ್ಟ ಏರುಗಳಿದ್ದರೆ ಇನ್ನೂ ಒಳ್ಳೆಯದು, ಈ ಕೆಲಸವನ್ನು ರಸ್ತೆಯೇ ಮಾಡಿಸುತ್ತದೆ. ಹಿಂದೆ ನೋಡಿಕೊಂಡು ಮಾಡಿ. ಕಾರಣವಿಲ್ಲದೆ ವೇಗ ಇಳಿಸುವ ಸ್ಕೂಟರಿನ ಹಿಂದೆ ಬರುವವನಿಗೆ ನಿಮ್ಮ ರಿಂಗಿನ ಚಿಂತೆ ಗೊತ್ತಿರುವುದಿಲ್ಲ. ಐನೂರರಿಂದ ಸಾವಿರದ ತನಕ ತಿರುವನ್ನು ಮೆಲ್ಲಗೆ ಹೆಚ್ಚಿಸುತ್ತ ಹೋಗಿ. ಸಾವಿರ ದಾಟಿದ ಮೇಲೆ ಚೆನ್ನಾಗಿ ಬಿಸಿಯಾದ ಎಂಜಿನ್ನಿನಲ್ಲಿ ಒಂದಿಷ್ಟು ಹೊತ್ತು ಪೂರ್ತಿ ತಿರುಗಿಸಿದರೂ ಅಡ್ಡಿಯಿಲ್ಲ.

ನಿಮ್ಮ ಆರು ಕಿಲೋಮೀಟರಿನ ದಟ್ಟಣೆಯ ದಾರಿ ಈ ದೃಷ್ಟಿಯಿಂದ ಅಷ್ಟೇನೂ ಕೆಟ್ಟದ್ದಲ್ಲ. ಹೊರಡುವುದು, ನಿಲ್ಲುವುದು, ಮತ್ತೆ ಹೊರಡುವುದು: ತಿರುವು ತಾನಾಗಿಯೇ ಬದಲಾಗುತ್ತಿರುತ್ತದೆ. ತೊಂದರೆ ಬೇರೆ ಕಡೆ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಆ ಆವಿಯ ಒಂದು ಪಾಲು ರಿಂಗ್ ದಾಟಿ ಕೆಳಗಿಳಿದು ಆಯಿಲಿಗೆ ಸೇರುತ್ತದೆ, ಜೊತೆಗೆ ಉರಿಯದೆ ಉಳಿದ ಪೆಟ್ರೋಲೂ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಎರಡೂ ಆವಿಯಾಗಿ ಹೋಗುತ್ತವೆ. ಆರು ಕಿಲೋಮೀಟರಿನಲ್ಲಿ ಅದು ಸರಿಯಾಗಿ ಕಾಯುವಷ್ಟರಲ್ಲಿ ನೀವು ತಲುಪಿರುತ್ತೀರಿ. ಅದಕ್ಕೇ ವಾರಕ್ಕೊಮ್ಮೆಯಾದರೂ ಮುಕ್ಕಾಲು ಗಂಟೆಯ ಓಟ ಕೊಡಿ, ಏರಿಳಿತವಿರುವ ದಾರಿಯಲ್ಲಿ. ಅಪ್ಪ ಹಿಂದೆ ಕೂರುವುದಾದರೆ ಕೂರಲಿ. ಏರಿನಲ್ಲಿ ಗಾಡಿ ಏದುಸಿರು ಬಿಡುವಂತೆ ತಿರುಗಿಸಬೇಡಿ, ನಡುವೆ ಒಂದು ಸಲ ಹತ್ತು ನಿಮಿಷ ನಿಲ್ಲಿಸಿ, ಅಷ್ಟು ಸಾಕು.

ಮನೆಯ ಮುಂದೆ ನಿಲ್ಲಿಸಿ ಎರಡು ಗಂಟೆ ಚಾಲೂ ಇಡುವ ಯೋಚನೆಯನ್ನು ಮಾತ್ರ ದಯವಿಟ್ಟು ಕೈಬಿಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಸಾಲು ಅದೊಂದೇ. ಖಾಲಿ ತಿರುಗುವ ಎಂಜಿನ್ನಿನಲ್ಲಿ ಹೊರೆ ಇಲ್ಲ. ಹೊರೆ ಇಲ್ಲದಿದ್ದರೆ ರಿಂಗಿನ ಹಿಂದೆ ಒತ್ತಡವಿಲ್ಲ. ಬಿಸಿ ಮಾತ್ರ ಇದೆ. ಗೋಡೆಗೆ ಮೆರುಗು ಹಿಡಿಸಬೇಕೆಂದು ಹಟ ತೊಟ್ಟವನು ಮಾಡಬೇಕಾದದ್ದು ಇದನ್ನೇ. ಬೆಳಿಗ್ಗೆ ಚಾಲೂ ಮಾಡಿದ ಮೇಲೂ ಐದು ಹತ್ತು ನಿಮಿಷ ಕಾಯಿಸುತ್ತ ನಿಲ್ಲಬೇಡಿ. ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯುವಷ್ಟು ಹೊತ್ತು, ಅರ್ಧ ಒಂದು ನಿಮಿಷ, ಆಯಿಲ್ ಮೇಲೇರಲು ಸಾಕು. ಆಮೇಲೆ ಹೊರಟು ಮೊದಲ ಎರಡು ಮೂರು ಕಿಲೋಮೀಟರ್ ಹಗುರ ಕೈಯಲ್ಲಿ ಹೋಗಿ. ತಣ್ಣನೆಯ ಎಂಜಿನ್ನನ್ನು ಹಿಂಡಬಾರದು ಎಂಬ ನಿಯಮ ಹೊಸದಕ್ಕೂ ಹಳೆಯದಕ್ಕೂ ಒಂದೇ, ಸಾವಿರ ಕಿಲೋಮೀಟರಿಗೆ ಅದು ಮುಗಿಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಹೇಗೆ ಓಡಿಸಿದಿರಿ ಎಂಬುದಕ್ಕಿಂತ ಹೆಚ್ಚಿನ ಮಹತ್ವ ನಾನು ಕೊಡುವುದು ಮೊದಲ ಆಯಿಲ್ ಬದಲಾವಣೆಗೆ. ದಿಬ್ಬಗಳು ಸವೆದವು ಎಂದೆನಲ್ಲ, ಆ ಸವೆದ ಲೋಹ ಎಲ್ಲಿ ಹೋಯಿತು? ಆಯಿಲಿನಲ್ಲಿದೆ. ಒಂದು ಲೆಕ್ಕ ನೋಡಿ. ಗಂಟೆಗೆ ಮೂವತ್ತು ಕಿಲೋಮೀಟರ್ ಸರಾಸರಿಯಲ್ಲಿ ಐನೂರು ಕಿಲೋಮೀಟರ್ ಎಂದರೆ ಹದಿನೇಳು ಗಂಟೆ ಹತ್ತಿರ. ನಿಮಿಷಕ್ಕೆ ಸರಾಸರಿ ಐದು ಸಾವಿರ ಸುತ್ತು ಎಂದಿಟ್ಟುಕೊಂಡರೆ ಅಷ್ಟರಲ್ಲಿ ಎಂಜಿನ್ ಐವತ್ತು ಲಕ್ಷ ಸಲ ಸುತ್ತಿರುತ್ತದೆ. ಪ್ರತಿ ಸುತ್ತಿನಲ್ಲೂ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಸವೆತದ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಆಗುತ್ತದೆ. ಆಮೇಲೆ ಅದೇ ಪುಡಿಯನ್ನು ಎಂಜಿನ್ ಮತ್ತೆ ಮತ್ತೆ ಸುತ್ತಿಸುತ್ತ, ಬೇರಿಂಗುಗಳ ಮೇಲೆ ಸುರಿದುಕೊಳ್ಳುತ್ತಿರುತ್ತದೆ. ಕಾರಿನಲ್ಲಾದರೆ ಕಾಗದದ ಫಿಲ್ಟರ್ ಅದನ್ನು ಹಿಡಿಯುತ್ತದೆ. ಸಣ್ಣ ಸ್ಕೂಟರುಗಳಲ್ಲಿ ಹೆಚ್ಚಿನವುಗಳಿಗೆ ಇರುವುದು ಒಂದು ತಂತಿ ಜಾಲರಿ ಮಾತ್ರ. ಅದು ಗಾಸ್ಕೆಟ್ಟಿನ ಚೂರನ್ನು ತಡೆದೀತು, ಹಿಟ್ಟಿನಂತಹ ಲೋಹದ ಪುಡಿಯನ್ನು ತಡೆಯಲಾರದು. ಹಾಗಾಗಿ ಪುಡಿ ಹೊರಹೋಗಲು ಇರುವ ದಾರಿ ಒಂದೇ, ಆಯಿಲಿನ ಜೊತೆಗೇ.

ಸರ್ವಿಸ್ ಮಾಡುವಾಗ ಪಕ್ಕದಲ್ಲಿ ನಿಂತುಕೊಳ್ಳಲು ಬಿಟ್ಟರೆ ಆ ಹಳೆಯ ಆಯಿಲನ್ನು ಒಂದಿಷ್ಟು ಬಿಳಿ ತಟ್ಟೆಗೆ ಹಿಡಿದು ಬಿಸಿಲಿಗೆ ಒಯ್ದು ನೋಡಿ. ತಟ್ಟೆಯನ್ನು ಮೆಲ್ಲಗೆ ಅಲುಗಿಸಿದರೆ ಕಪ್ಪು ಆಯಿಲಿನೊಳಗೆ ಬೆಳ್ಳಿಯ ಹೊಗೆಯಂತೆ ಒಂದು ಮಿನುಗು ಸುಳಿಯುತ್ತದೆ. ಅಲುಗಾಟ ನಿಂತರೆ ಮಾಯವಾಗುತ್ತದೆ. ಬೆರಳಿಗೆ ತೆಗೆದುಕೊಂಡು ಉಜ್ಜಿದರೆ ಕಣ ಕೈಗೆ ಸಿಗುವುದಿಲ್ಲ, ಅಷ್ಟು ನುಣುಪು. ಅದು ಇರಬೇಕಾದದ್ದೇ. ಸಂತೋಷಪಡಿ, ಒಳಗೆ ಕೆಲಸ ನಡೆದಿದೆ. ಬೆರಳಿಗೆ ಗರಗರ ತಗಲುವ ಚೂರು, ಕಣ್ಣಿಗೆ ಕಾಣುವ ಸಿಪ್ಪೆ ಇದ್ದರೆ ಮಾತ್ರ ಪ್ರಶ್ನೆ ಕೇಳಬೇಕು. ಅಯಸ್ಕಾಂತ ಹಿಡಿದು ನೋಡಿದರೆ ಕಬ್ಬಿಣದ್ದು ಅಂಟುತ್ತದೆ, ಅಲ್ಯೂಮಿನಿಯಂ ಅಂಟುವುದಿಲ್ಲ. ಮೆಕ್ಯಾನಿಕ್ಕಿಗೆ ಅಷ್ಟು ಸುಳಿವು ಸಾಕು.

ಕೈಪಿಡಿಯಲ್ಲಿ ಮೊದಲ ಸರ್ವಿಸ್ 500ಕ್ಕೆ ಎಂದಿರಲಿ 1000ಕ್ಕೆ ಎಂದಿರಲಿ, ಅದನ್ನು ದಾಟಿಸಬೇಡಿ. ಸ್ವಲ್ಪ ಮೊದಲೇ ಮಾಡಿಸಿದರೆ ನಷ್ಟವಿಲ್ಲ, ಹದಿನೈದು ದಿನ ಮುಂದೂಡಿದರೆ ಇದೆ. ಆಯಿಲನ್ನು ಎಂಜಿನ್ ಬಿಸಿಯಿರುವಾಗಲೇ ಇಳಿಸಬೇಕು, ತಣ್ಣಗಾದರೆ ಪುಡಿ ತಳದಲ್ಲಿ ಕೂತುಬಿಡುತ್ತದೆ. ಜಾಲರಿಯನ್ನು ಹೊರತೆಗೆದು ತೊಳೆಯಲು ಹೇಳಿ. ಹೇಳದಿದ್ದರೆ ತೆಗೆಯದವರೂ ಉಂಟು. ಇನ್ನೊಂದು, ಹೆಚ್ಚಿನ ಮಾಲೀಕರಿಗೆ ಗೊತ್ತೇ ಇಲ್ಲದ ಮಾತು: ಹಿಂದಿನ ಚಕ್ರದ ಬಳಿ ಗೇರ್ ಪೆಟ್ಟಿಗೆಯೊಂದಿದೆ, ಅದಕ್ಕೆ ಪ್ರತ್ಯೇಕ ಆಯಿಲ್ ಇದೆ. ಸಣ್ಣ ಲೋಟದಷ್ಟು ಇರಬಹುದು. ಅಲ್ಲಿಯೂ ಹೊಸ ಹಲ್ಲುಗಳು ಉಜ್ಜಿಕೊಂಡು ಒಗ್ಗುತ್ತಿರುತ್ತವೆ, ಅಲ್ಲಿಯೂ ಅದೇ ಬೆಳ್ಳಿ ಮಿನುಗು. ಕೈಪಿಡಿ ಮೊದಲ ಸರ್ವಿಸಿನಲ್ಲಿ ಅದನ್ನು ಬದಲಿಸಲು ಹೇಳಿದ್ದರೆ ಬದಲಿಸಿದರೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಎಂಜಿನ್ನಿಗೆ ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವುಗಳ ಸಂದಿಯನ್ನೂ ಅದೇ ಸಲ ನೋಡಿಸಿ.

ಯಾವ ಆಯಿಲ್ ಎಂದು ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಕೈಪಿಡಿ ಹೇಳಿದ ದಪ್ಪದ್ದು, ಹೇಳಿದ ದರ್ಜೆಯದ್ದು. ಸ್ಕೂಟರುಗಳಿಗೆ ಜಾಸೋ ಎಂಬ ಜಪಾನಿ ಮಾನದಂಡದ ‘ಎಂಬಿ’ ದರ್ಜೆಯ ಆಯಿಲ್ ಹೇಳಿರುವುದು ಸಾಮಾನ್ಯ. ಬೈಕಿನ ಎಂಎ ದರ್ಜೆಗಿಂತ ಅದು ಹೆಚ್ಚು ಜಾರು. ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿರುವುದರಿಂದ ಅಲ್ಲಿ ಅಷ್ಟು ಜಾರು ಸಲ್ಲದು, ಸ್ಕೂಟರಿನ ಕ್ಲಚ್ ಒಣಗಿಯೇ ಇರುತ್ತದೆ. ಘರ್ಷಣೆ ಕಡಿಮೆ ಮಾಡುತ್ತೇವೆ ಎಂದು ಸಣ್ಣ ಶೀಶೆಯಲ್ಲಿ ಮಾರುವ ಬೆರಕೆ ದ್ರವಗಳನ್ನು ಮಾತ್ರ ಈಗ ಹತ್ತಿರ ಸೇರಿಸಬೇಡಿ. ಘರ್ಷಣೆಯಿಂದಲೇ ಆಗಬೇಕಾದ ಕೆಲಸವನ್ನು ದುಡ್ಡು ಕೊಟ್ಟು ತಡೆದಂತಾಗುತ್ತದೆ.

ಟಿಕ್ ಟಿಕ್ ಸದ್ದು ಬಿಸಿಯಾದ ಸೈಲೆನ್ಸರ್ ಮತ್ತು ಅದರ ಕೊಳವೆ ತಣಿಯುವಾಗ ಕುಗ್ಗುವ ಸದ್ದು. ಹತ್ತು ವರ್ಷ ಹಳೆಯದಾದರೂ ಬರುತ್ತದೆ. ವಾಸನೆ ಕಾರ್ಖಾನೆಯಲ್ಲಿ ಸೈಲೆನ್ಸರಿಗೆ ಹಚ್ಚಿದ ಬಣ್ಣ, ಲೋಹಕ್ಕೆ ಬಳಿದ ಕಾಪು ಎಣ್ಣೆ ಸುಡುವುದರಿಂದ. ಒಂದೆರಡು ವಾರಕ್ಕೆ ತಾನಾಗಿ ಹೋಗಬೇಕು. ರಬ್ಬರ್ ಸುಟ್ಟ ವಾಸನೆಯಾಗಿದ್ದು, ಹೊರಡುವಾಗ ಗಾಡಿ ನಡುಗುತ್ತಿದ್ದರೆ ಬೆಲ್ಟ್, ಕ್ಲಚ್ ಕಡೆ ನೋಡಿಸಬೇಕು. ಹೊಸ ಬೆಲ್ಟೂ ಕ್ಲಚ್ಚೂ ಒಗ್ಗಿಕೊಳ್ಳಲು ಇನ್ನೂರು ಮುನ್ನೂರು ಕಿಲೋಮೀಟರ್ ಬೇಕಾಗುತ್ತದೆ. ಏರಿನಲ್ಲಿ ಬ್ರೇಕ್ ಹಿಡಿದುಕೊಂಡೇ ಆಕ್ಸಿಲರೇಟರ್ ತಿರುಗಿಸಿ ಗಾಡಿಯನ್ನು ನಿಲ್ಲಿಸಿಕೊಳ್ಳುವ ಅಭ್ಯಾಸವಿದ್ದರೆ ಇವತ್ತೇ ಬಿಡಿ, ಕ್ಲಚ್ ಸುಡುವುದಕ್ಕೆ ಅದಕ್ಕಿಂತ ಸುಲಭದ ದಾರಿಯಿಲ್ಲ.

ಎಂಜಿನ್ನಿನ ಚಿಂತೆಯಲ್ಲಿ ಜನ ಮರೆಯುವುದು ಟೈರು ಮತ್ತು ಬ್ರೇಕನ್ನು. ಹೊಸ ಟೈರಿನ ಮೇಲ್ಮೈ ಜಾರು. ಮೊದಲ 160 ಕಿಲೋಮೀಟರ್ ತಿರುವುಗಳಲ್ಲಿ ಹೆಚ್ಚು ವಾಲಬೇಡಿ ಎನ್ನುತ್ತವೆ ಕೆಲವು ಕೈಪಿಡಿಗಳು. ನೀವು ಅದನ್ನು ದಾಟಿದ್ದೀರಿ. ಬ್ರೇಕ್ ಪ್ಯಾಡುಗಳೂ ಡಿಸ್ಕಿಗೆ ಒಗ್ಗುವ ತನಕ ಪೂರ್ತಿ ಹಿಡಿತ ಕೊಡುವುದಿಲ್ಲ. ಮೊದಲ ದಿನವೇ ಕಿವಿ ಹಿಂಡಿ ಎನ್ನುವ ನಿಮ್ಮ ಗೆಳೆಯನಿಗೆ ನಾನು ಹೇಳಬಯಸುವುದು ಇದನ್ನೇ: ಎಂಜಿನ್ ತಾಳಿಕೊಂಡೀತು, ನಿಲ್ಲಿಸುವುದು ಯಾವುದರಿಂದ?

ಪಳಗಿತು ಎಂದು ತಿಳಿಯುವುದು ಹೇಗೆ? ಗಂಟೆ ಬಾರಿಸುವುದಿಲ್ಲ. ಒಂದು ದಿನ ಅದೇ ಏರನ್ನು ಮೊದಲಿಗಿಂತ ಕಡಿಮೆ ತಿರುವಿನಲ್ಲಿ ಹತ್ತಿದ್ದು ಗಮನಕ್ಕೆ ಬರುತ್ತದೆ. ಕೈಬಿಟ್ಟಾಗ ಗಾಡಿ ಇನ್ನಷ್ಟು ದೂರ ಸರಾಗವಾಗಿ ಉರುಳುತ್ತದೆ, ಮೈಲೇಜ್ ಒಂದೆರಡು ಕಿಲೋಮೀಟರ್ ಮೇಲೇರುತ್ತದೆ. ಸಾವಿರದಿಂದ ಎರಡು ಸಾವಿರದೊಳಗೆ ಇದೆಲ್ಲ ಆಗುವುದು ರೂಢಿ. ಅಲ್ಲಿಯವರೆಗೆ ಮೈಲೇಜ್ ಲೆಕ್ಕ ಹಾಕಿ ಕೊರಗಬೇಡಿ.

ಸದ್ಯಕ್ಕೆ ನಿಮ್ಮಿಂದ ಆಗಬೇಕಾದ ಕೆಲಸ ಒಂದಿದೆ. ಸಮತಟ್ಟಾದ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ನಿಲ್ಲಿಸಿ ಐದು ನಿಮಿಷ ಬಿಟ್ಟು, ಆಯಿಲ್ ಕಡ್ಡಿ ತೆಗೆದು ಒರೆಸಿ, ಮತ್ತೆ ಇಳಿಸಿ ನೋಡಿ. ಕೆಲವು ಗಾಡಿಗಳಲ್ಲಿ ಕಡ್ಡಿಯನ್ನು ತಿರುಪದೆ ಬರಿದೇ ಇಳಿಸಿ ಅಳೆಯಬೇಕು, ಕೆಲವದರಲ್ಲಿ ತಿರುಪಿ, ಕೈಪಿಡಿಯಲ್ಲಿ ಚಿತ್ರವಿರುತ್ತದೆ. ಈ ಎಂಜಿನ್ನುಗಳಲ್ಲಿ ಇರುವುದೇ ಒಂದು ಲೀಟರಿನ ಒಳಗೆ, ರಿಂಗ್ ಕೂರುವ ತನಕ ಅದರಲ್ಲಿ ಸ್ವಲ್ಪ ಸುಟ್ಟುಹೋಗುವುದೂ ಉಂಟು. ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವೆ ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ, ಐನೂರು ಕಿಲೋಮೀಟರ್ ಆದಾಗ ಮತ್ತೊಮ್ಮೆ ನೋಡಿ. ಕೆಳಗಿನ ಗುರುತಿನ ಹತ್ತಿರ ಬಂದಿದ್ದರೆ ಸರ್ವಿಸಿನ ದಿನಕ್ಕೆ ಕಾಯದೆ ಅದೇ ದರ್ಜೆಯ ಆಯಿಲ್ ತಂದು ತುಂಬಿಸಿ.